ಸ್ಪ್ರೇ ಮೇಸ್ತ್ರಿ ತಿಮ್ಮಪ್ಪ ಮತ್ತು ಬೆಳ್ಳಿಯ ಎಳೆ

ನಮ್ಮ ಕಡೆ ಒಬ್ಬ ಮನುಷ್ಯನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕಾದರೆ ಅವನು ಸತ್ತಿರಬೇಕು. ಬದುಕಿದ್ದವನನ್ನು ಹೊಗಳಿದರೆ ಏನೋ ಕೆಲಸ ಆಗಬೇಕಾಗಿದೆ ಎಂದುಕೊಳ್ಳುತ್ತಾರೆ. ತಿಮ್ಮಪ್ಪ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಓಡಾಡಿಕೊಂಡಿದ್ದಾನೆ, ನನಗೆ ಅವನಿಂದ ಆಗಬೇಕಾದ ಕೆಲಸ ಒಂದೂ ಇಲ್ಲ. ಆದರೂ ಬರೆಯುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನಾನು ಓಂಕಾರಮೂರ್ತಿ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕಲ್ಲುಗಂಡಿ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಇಡೀ ಎಸ್ಟೇಟಿಗೆ ಗೊತ್ತು. ಅಷ್ಟೇ ಬೇಗ ಇಳಿಯುತ್ತದೆ ಎಂಬುದನ್ನು ಮಾತ್ರ ಒಬ್ಬರೂ ಹೇಳುವುದಿಲ್ಲ, ಹಾಳಾದವರು.

ತಿಮ್ಮಪ್ಪ ನಮ್ಮ ಸ್ಪ್ರೇ ಮೇಸ್ತ್ರಿ. ಮೈಲುತುತ್ತ ಕಲೆಸಿ ಕಲೆಸಿ ಅವನ ಉಗುರುಗಳು ಹುಟ್ಟಿನಿಂದಲೇ ನೀಲಿಯೇನೋ ಅನ್ನಿಸುತ್ತಿದ್ದವು. ಕಾಫಿಗೆ ಹೊಡೆಯುವ ಔಷಧಿಗೆ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಕತ್ತಿಯ ಅಲಗನ್ನು ಡ್ರಮ್ಮಿನಲ್ಲಿ ಅದ್ದಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದ. ಆಗ ಯಾರೂ ಅವನ ಹತ್ತಿರ ಮಾತಾಡುವ ಹಾಗಿರಲಿಲ್ಲ. ಒಂದು ಹಿಡಿ ಔಷಧಿ ನೆಲಕ್ಕೆ ಚೆಲ್ಲಿದವನಿಗೆ ಅವತ್ತಿಡೀ ಬೈಗುಳ. ಆ ಶಿಸ್ತನ್ನು ಮೆಚ್ಚಿಯೇ ಎಸ್ಟೇಟಿನ ಯಜಮಾನರಾದ ಕೃಷ್ಣಪ್ಪಗೌಡರು ಎಂಬತ್ತಾರನೇ ಇಸವಿಯ ದೀಪಾವಳಿಯ ದಿನ ಎಲ್ಲ ಆಳುಗಳ ಮುಂದೆ ಅವನಿಗೆ ಕೈಗಡಿಯಾರ ಕಟ್ಟಿದರು. "ನೋಡ್ರೋ, ಔಷಧಿ ಅಂದ್ರೆ ತಿಮ್ಮಪ್ಪನ ಕೈಲಿ ಹಾಳಾಗೋ ಮಾತೇ ಇಲ್ಲ" ಎಂದು ಗೌಡರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ತಿಮ್ಮಪ್ಪ ಅವತ್ತು ತಲೆ ತಗ್ಗಿಸಿಕೊಂಡೇ ನಿಂತಿದ್ದ. ವಿನಯ ಅಂದರೆ ಇದು ಎಂದುಕೊಂಡೆ ನಾನು, ಪೆದ್ದ.

ಈಗ ಬೆಳ್ಳಿಯ ವಿಷಯಕ್ಕೆ ಬರುತ್ತೇನೆ. ಎಸ್ಟೇಟಿನ ಕೆಳಗೆ ಕಪ್ಪೆಹಳ್ಳ ಹರಿಯುತ್ತದೆ. ಅದರ ದಡದಲ್ಲಿ ದೊರೆ ಗುಹೆ ಎಂಬ ಒಂದು ಸುರಂಗ. ಬ್ರಿಟಿಷರ ಕಾಲದಲ್ಲಿ ಎಸ್ಟೇಟ್ ಮಾಡಿದ ಒಬ್ಬ ದೊರೆ ಕಾಫಿ ಬಿಟ್ಟು ಬೆಳ್ಳಿಯ ಹುಚ್ಚು ಹಿಡಿಸಿಕೊಂಡು ನಲವತ್ತು ಮಾರು ಕೊರೆಸಿ, ಕೊನೆಗೆ ಜ್ವರ ಬಂದು ಊರಿಗೆ ಹೊರಟುಹೋದನಂತೆ. ಎಪ್ಪತ್ತನಾಲ್ಕರಲ್ಲಿ ಸರ್ವೆಯವರು ಇಬ್ಬರು ಬಂದು ಅಲ್ಲಲ್ಲಿ ಗುಂಡಿ ತೋಡಿ ಹೋದರು. ಅಲ್ಲಿಗೆ ಅದರ ಕತೆ ಮುಗಿದಿತ್ತು. ಹಳ್ಳದಲ್ಲಿ ಸಿಗುತ್ತಿದ್ದ ಒಂದು ಬಗೆಯ ಕಪ್ಪು ಹೊಳಪಿನ ಭಾರದ ಕಲ್ಲನ್ನು ನಮ್ಮ ಹೆಂಗಸರು ಒಂದೇ ಒಂದು ಕೆಲಸಕ್ಕೆ ಬಳಸುತ್ತಿದ್ದರು. ಬಿದಿರಿನ ಕಳಲೆ ಹೆಚ್ಚಿ ನೀರಿನಲ್ಲಿ ನೆನೆಹಾಕಿದಾಗ ತೇಲದ ಹಾಗೆ ಮೇಲೆ ಹೇರುವುದಕ್ಕೆ.

ತೊಂಬತ್ತಾರರ ಡಿಸೆಂಬರಿನಲ್ಲಿ ಬೆಳ್ಳಿ ಹುಡುಕಲು ಮೂರನೇ ಸಲ ಜನ ಬಂದರು, ಈ ಸಲ ಸರ್ಕಾರದ ಗಣಿ ಇಲಾಖೆಯವರು. ಕಾಫಿ ಹಣ್ಣು ಸುಲಿಯುವ ಪಲ್ಪ್‌ಹೌಸಿನ ಪಕ್ಕ ಮೂರು ಡೇರೆ, ಒಂದು ಜೀಪು. ಕ್ಯಾಂಪಿನ ಯಜಮಾನಿ ರೂಪಶ್ರೀ ಎಂಬ ಭೂವಿಜ್ಞಾನಿ, ಇಪ್ಪತ್ತೇಳು ವರ್ಷದ ಹುಡುಗಿ. ಅವಳು ಸ್ವತಂತ್ರವಾಗಿ ನಡೆಸುತ್ತಿದ್ದ ಮೊದಲ ಕ್ಯಾಂಪು ಅದು. ಗುಡ್ಡ ಬಲ್ಲವನೊಬ್ಬ ಬೇಕು ಅಂದಳು. ಗೌಡರು ತಿಮ್ಮಪ್ಪನನ್ನು ಕಳಿಸಿದರು.

ಅವನ ಮನೆಗೆ ಹೋದ ಮೊದಲ ದಿನವೇ ಅವಳು ಕಳಲೆ ಪಾತ್ರೆಯೊಳಗಿನ ಕಲ್ಲು ನೋಡಿ ಹೌಹಾರಿದಳು.

"ಅಯ್ಯೋ, ಇದ್ರಲ್ಲಿ ಸೀಸ ಇದೆ! ವಿಷ ಇದು, ತೆಗೀರಿ!"

ತಿಮ್ಮಪ್ಪನ ಹೆಂಡತಿ ನಂಜಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಮ್ಮತ್ತೆ ಇದೇ ಕಲ್ಲು ಹೇರಿ ಎಂಬತ್ತೆಂಟು ವರ್ಷ ಬದುಕಿದ್ರು ಕಣಮ್ಮ."

"ಇಲ್ದಿದ್ರೆ ನೂರು ಬದುಕ್ತಿದ್ರು" ಅಂದಳು ರೂಪಶ್ರೀ. ನಂಜಮ್ಮ ಬಿದ್ದು ಬಿದ್ದು ನಕ್ಕಳು. ಕಲ್ಲು ಆಚೆ ಹೋಯಿತು, ಇಬ್ಬರಿಗೂ ಅವತ್ತೇ ದೋಸ್ತಿಯಾಯಿತು.

ಆಮೇಲಿನ ಎರಡು ತಿಂಗಳು ತಿಮ್ಮಪ್ಪನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅರವತ್ತಕ್ಕೆ ಹತ್ತಿರವಾದ ಮನುಷ್ಯ ದಿನಾ ಸಂಜೆ ನನ್ನ ಆಫೀಸಿಗೆ ಬಂದು ಪಾಠ ಒಪ್ಪಿಸುವುದಕ್ಕೆ ಶುರುಮಾಡಿದ. ಆ ಕಲ್ಲನ್ನು ಒಡೆದರೆ ಕಲ್ಲುಸಕ್ಕರೆಯ ಹಾಗೆ ಚೌಕ ಚೌಕವಾಗಿಯೇ ಒಡೆಯುತ್ತದಂತೆ, ನೋಡಿ ಎಂದು ನನ್ನ ಮೇಜಿನ ಮೇಲೆಯೇ ಕುಟ್ಟಿ ತೋರಿಸಿದ. ಗಾಜು ಬಿರುಕು ಬಿಟ್ಟಿತು, ನಾನು ಕೂಗಾಡಿದೆ. ಅವನಿಗೆ ಕೇಳಿಸಿದರೆ ತಾನೆ!

"ಹಂಡೆ ಒಳಗೆ ಬಿಳೀ ಪೊರೆ ಕಟ್ಟುತ್ತಲ್ಲ ರೈಟ್ರೇ, ಹಂಗೇ ಇದೂ. ನೆಲದೊಳಗೆ ಒಂದು ಬಿರುಕು. ಅದ್ರಲ್ಲಿ ಕೋಟಿಗಟ್ಲೆ ವರ್ಷದ ಹಿಂದೆ ಕುದಿಯೋ ನೀರು ಮೇಲೆ ಬಂತಂತೆ. ಆರ್ತಾ ಆರ್ತಾ ಸೀಸ, ಜಿಂಕು, ಚೂರು ಬೆಳ್ಳಿ ಎಲ್ಲಾ ಗೋಡೆಗೆ ಅಂಟಿಸ್ಕೊಂಡು ಹೋಯ್ತಂತೆ. ಅದಕ್ಕೆ ಎಳೆ ಅಂತಾರೆ. ಬೆಳ್ಳಿ ಬೇರೆ ಇರಲ್ಲ, ಸೀಸದ ಹೊಟ್ಟೆಯೊಳಗೇ ಇರುತ್ತೆ."

"ಹಂಡೆ ಉಜ್ಜಿದ್ರೆ ನಿನ್ನ ಹೆಂಡ್ತಿಗೂ ಬೆಳ್ಳಿ ಸಿಗುತ್ತೇನೋ ಕೇಳು ಮಾರಾಯ" ಅಂದೆ.

ಕ್ಯಾಂಪು ಬಂದ ಹೊಸದರಲ್ಲೇ ಗುಡ್ಡಕ್ಕೆ ಹಗ್ಗ ಹಿಡಿದು ಗೆರೆ ಹಾಕಿ, ಗೆರೆಯ ಮೇಲೆ ಇಪ್ಪತ್ತು ಹೆಜ್ಜೆಗೊಂದರಂತೆ ಮೊಣಕಾಲುದ್ದದ ಗುಂಡಿ ತೋಡಿ, ತಳದ ಮಣ್ಣನ್ನು ಬಟ್ಟೆಯ ಚೀಲಕ್ಕೆ ತುಂಬಿ ನಂಬರು ಬರೆದರು. ಮಣ್ಣಿನಲ್ಲಿ ಎಲ್ಲಿ ಲೋಹ ಜಾಸ್ತಿಯೋ ಅದರ ಅಡಿಯಲ್ಲಿ ಎಳೆ ಇರಬಹುದು ಎಂಬುದು ಲೆಕ್ಕಾಚಾರ. ಗುಂಡಿಗಳನ್ನೆಲ್ಲ ತೋಡಿದ್ದು ತಿಮ್ಮಪ್ಪನೇ. ಚೀಲಗಳು ಲ್ಯಾಬಿಗೆ ಹೋದವು. ನೆಲ ಕೊರೆದು ಒಳಗಿನ ಕಲ್ಲು ತೆಗೆದು ನೋಡಲು ಆ ಸೀಸನ್ನಿಗೆ ಕ್ಯಾಂಪಿಗೆ ಇದ್ದ ಅನುಮತಿ ಎರಡೇ ಬೋರಿಗೆ. ಮೊದಲನೆಯದನ್ನು ದೊರೆ ಗುಹೆಯ ಹಿಂದೆ ಹಾಕಿದರು, ಬರೀ ಬೂದು ಕಲ್ಲು ಬಂತು. ಎರಡನೆಯದೂ ಖಾಲಿಯಾದರೆ ಕಲ್ಲುಗಂಡಿಯ ಫೈಲು ಶಾಶ್ವತವಾಗಿ ಮುಚ್ಚುತ್ತಾರೆ ಎಂದು ರೂಪಶ್ರೀಯೇ ನನಗೆ ಹೇಳಿದಳು.

ಮಾರ್ಚಿನಲ್ಲಿ ಫಲಿತಾಂಶ ಬಂತು. ಮೇಲಿನ ಬ್ಲಾಕಿನ ದೊಡ್ಡ ಹಲಸಿನ ಮರದ ಸುತ್ತ ಐದು ಚೀಲದ ಮಣ್ಣಿನಲ್ಲಿ ಜಿಂಕು ಬೇರೆ ಕಡೆಗಿಂತ ಹದಿನೈದು ಪಟ್ಟು! ರೂಪಶ್ರೀ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ಗೌಡರ ಬಂಗಲೆಗೇ ತಂದು ತೋರಿಸಿದಳು. "ಸೀಸ ಅಷ್ಟಿಲ್ಲ, ಅದೊಂದು ಅನುಮಾನ" ಅಂದಳು. "ಆದ್ರೂ ಇಷ್ಟು ಜಿಂಕು ಸುಮ್ಮನೆ ಬರೋದಿಲ್ಲ. ಕೊನೇ ಬೋರು ಅಲ್ಲೇ ಹಾಕ್ತೀನಿ."

ಎಸ್ಟೇಟಿನಲ್ಲಿ ಹಬ್ಬವೋ ಹಬ್ಬ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜನ ನಾವು. ಹಲಸಿನ ಮರಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದರು. ಕುದುರೆಮುಖದ ಹಾಗೆ ಇಲ್ಲೂ ಟೌನ್‌ಷಿಪ್ ಆಗುತ್ತದೆ, ಸಿನಿಮಾ ಟಾಕೀಸು ಬರುತ್ತದೆ ಎಂದು ಒಬ್ಬ. ಗುಡ್ಡವೇ ಹೋದರೆ ಟಾಕೀಸಿನಲ್ಲಿ ಕಾಫಿ ನೆಡುತ್ತೀಯಾ ಎಂದು ಇನ್ನೊಬ್ಬ. ಗೌಡರು ಎಲ್ಲರಿಗೂ ಹೋಳಿಗೆ ಊಟ ಹಾಕಿಸಿದರು. ತಿಮ್ಮಪ್ಪ ಮಾತ್ರ ಎಲೆಯ ಮುಂದೆ ಕೂತು ಹೋಳಿಗೆಯನ್ನು ಚೂರು ಚೂರು ಮಾಡಿ ಹಾಗೇ ಎದ್ದುಹೋದ. ಹೋಳಿಗೆ ಬಿಟ್ಟು ಎದ್ದ ತಿಮ್ಮಪ್ಪನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆಫೀಸಿಗೆ ಬಂದು ಬಾಗಿಲು ಮುಂದೆ ಮಾಡಿದ.

"ರೈಟ್ರೇ, ಅಲ್ಲಿ ಎಳೆಯೂ ಇಲ್ಲ, ಮಣ್ಣೂ ಇಲ್ಲ. ಅದು ನಾನು ಹೂತಿದ್ದು."

"ಏನು ಹೂತಿದ್ದು? ಬೆಳ್ಳಿನಾ?"

"ಜಿಂಕು. ಆರು ಮೂಟೆ."

ಅವನು ಹೇಳಿದ್ದು ಇಷ್ಟು. ಎಂಬತ್ತಾರರ ಮೇ ತಿಂಗಳು. ಕಾಫಿ ಗಿಡದ ಎಲೆಗೆ ಹೊಡೆಯುವ ಜಿಂಕ್ ಸಲ್ಫೇಟು ಆರು ಮೂಟೆ ಬಂದು ಮೇಲಿನ ಬ್ಲಾಕಿನ ಚಪ್ಪರದಡಿ ಇತ್ತು, ಮೇಲೆ ಟಾರ್ಪಾಲು ಹೊದಿಸಿತ್ತು. ಅವತ್ತು ಹೊರನಾಡಿನ ಹತ್ತಿರ ಯಕ್ಷಗಾನ ಬಯಲಾಟ. ಮೇಳಗಳ ತಿರುಗಾಟ ಮುಗಿಯುವ ದಿನ ಪತ್ತನಾಜೆ ಹತ್ತಿರ ಬಂದಿತ್ತು. ಅದು ಕಳೆದರೆ ಮೇಳದವರು ಗೆಜ್ಜೆ ಬಿಚ್ಚಿಬಿಡುತ್ತಾರೆ, ಮತ್ತೆ ಆಟ ಬೇಕಾದರೆ ಮಳೆಗಾಲವೆಲ್ಲ ಕಾಯಬೇಕು. ಇಡೀ ರಾತ್ರಿ ಹೆಂಡತಿ ಮಕ್ಕಳು ಗದ್ದೆಯ ಕೂಳೆಯ ಮೇಲೆ ಹೇಗೆ ಕೂರುತ್ತಾರೆ ಎಂದು ತಿಮ್ಮಪ್ಪ ಆ ಟಾರ್ಪಾಲು ಎಳೆದುಕೊಂಡು ಹೋದ. ಹೊರನಾಡಿನಲ್ಲಿ ಒಂದು ಹನಿ ಇಲ್ಲ. ಕಲ್ಲುಗಂಡಿಯಲ್ಲಿ ಆಕಾಶ ತೂತಾದ ಹಾಗೆ ಹೊಡೆದಿತ್ತು. ಬೆಳಿಗ್ಗೆ ಬಂದು ನೋಡಿದರೆ ಮೂಟೆಗಳೆಲ್ಲ ನೀರು ಕುಡಿದು ಪಾಯಸವಾಗಿ ಹಲಸಿನ ಮರದ ಸುತ್ತಲೂ ಹರಿದಿದ್ದವು. ಯಾರೂ ಬರುವ ಮೊದಲು ಹಲಸಿನ ಬುಡದಲ್ಲಿ ಸೊಂಟದುದ್ದ ಗುಂಡಿ ತೋಡಿ ಉಳಿದದ್ದೆಲ್ಲವನ್ನೂ ಮುಚ್ಚಿ, ಕೆಲವು ದಿನ ಬಿಟ್ಟು ಸ್ಪ್ರೇ ಆಯಿತು ಎಂದು ಲೆಕ್ಕ ಕೊಟ್ಟುಬಿಟ್ಟ.

"ಆ ವರ್ಷವೇ ಕಣ್ರೀ, ಗೌಡ್ರು ನಂಗೆ ವಾಚು ಕಟ್ಟಿದ್ದು" ಅಂದ.

"ಮತ್ತೆ ಅಲ್ಲಿ ಮಣ್ಣು ತೆಗೆವಾಗ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹಗ್ಗ ಸರಿಯಾಗಿ ಅಲ್ಲಿಗೇ ಬಂತು. ಇವ್ರು ಬೆಳ್ಳಿ ಹುಡುಕ್ತಾರೆ ಅಂದ್ಕೊಂಡಿದ್ದೆ, ಜಿಂಕೂ ನೋಡ್ತಾರೆ ಅಂತ ನಂಗೆಲ್ಲಿ ಗೊತ್ತು? ಎಳೆಯ ಪಾಠ ಹೇಳಿದ್ದೇ ಆಮೇಲೆ."

ನನಗೆ ಮೊದಲು ನಗು ಬಂತು, ಹಿಂದೆಯೇ ಭಯ. ಆರು ಮೂಟೆ ಕರಗುವಾಗ ರೈಟರು ಏನು ಮಾಡುತ್ತಿದ್ದ ಎಂದು ಗೌಡರು ಕೇಳಿದರೆ? ನಾಚಿಕೆ ಬಿಟ್ಟು ಬರೆಯುತ್ತೇನೆ, ನಾನು ಅವನಿಗೆ ಕೊಟ್ಟ ಬುದ್ಧಿ ಇದು: "ಬಾಯಿ ಮುಚ್ಕೊಂಡಿರು ಮಾರಾಯ. ಬೋರು ಹಾಕ್ತಾರೆ, ಏನೂ ಸಿಗಲ್ಲ, ಹೋಗ್ತಾರೆ. ಹನ್ನೊಂದು ವರ್ಷದ ಮಾನ ಸುಮ್ನೆ ಯಾಕೆ ಕಳ್ಕೊಳ್ತೀಯ?"

"ಮೇಡಮ್ಮಿಗೆ ಅದೊಂದೇ ಬೋರು ಉಳಿದಿರೋದು" ಅಂದ ಅವನು. "ಅದೂ ಅಲ್ದೆ ಎಳೆ ಎಲ್ಲಿದೆ ಅಂತ ನಂಗೆ ಅಂದಾಜಿದೆ. ಹಳ್ಳದ ಆಚೆ ಏರಿನಲ್ಲಿ ಕೆಂಪಗೆ ತುಕ್ಕು ಹಿಡಿದ ಹಾಗಿರೋ ತೂತು ತೂತು ಬಿಳಿಕಲ್ಲು ಇದೆ. ಅಲ್ಲಿ ಸೀಸ ಚೂರು ಜಾಸ್ತಿನೇ ಬಂದಿದೆ. ಸೀಸ ಬಿದ್ದ ಜಾಗ ಬಿಡಲ್ಲ ಅಂತ ಅವ್ರೇ ಹೇಳಿಕೊಟ್ಟಿದ್ದು."

"ಹಾಗಾದ್ರೆ ಜಿಂಕಿನ ಸುದ್ದಿ ಎತ್ತದೆ ಅಷ್ಟು ಮಾತ್ರ ಹೇಳು."

ಹೇಳಿದ. ರೂಪಶ್ರೀ ಕೇಳಿಸಿಕೊಂಡಳು, ನಕ್ಷೆ ನೋಡಿದಳು, ಹದಿನೈದು ಪಟ್ಟು ಜಿಂಕು ಬಿಟ್ಟು ಅಲ್ಲಿಗೆ ಹೋಗಲಾರೆ ಅಂದಳು. ಅವಳದೇನು ತಪ್ಪು?

ಮೂರು ದಿನ ತಿಮ್ಮಪ್ಪ ಅನ್ನ ಬಿಟ್ಟ. ನಾಲ್ಕನೇ ದಿನ ಬೋರಿನ ಯಂತ್ರವನ್ನು ಹಲಸಿನ ಮರದ ಹತ್ತಿರಕ್ಕೆ ಎಳೆಯುವುದಿತ್ತು. ದಾರಿ ಬಿಡಿಸಲು ಎಂಬತ್ತು ಗಿಡ ಕಡಿಯಬೇಕು. ಗೌಡರು ಬಂದು ನಿಂತಿದ್ದರು, ರೂಪಶ್ರೀ ಇದ್ದಳು, ಆಳುಗಳೆಲ್ಲ ಸೇರಿದ್ದರು. ಮೊದಲ ಗಿಡಕ್ಕೆ ಕತ್ತಿ ಎತ್ತುವಾಗ ತಿಮ್ಮಪ್ಪ ಕೂಗಿದ.

"ಕಡೀಬೇಡಿ!"

ಅವನ ಜೊತೆಗೆ ನಂಜಮ್ಮನೂ ಬಂದಿದ್ದಳು. ಅವಳಿಗೆ ಅಲ್ಲೇನು ಕೆಲಸ ಎಂದು ಯಾರೋ ಕೇಳಿದ್ದಕ್ಕೆ, "ಆ ಟಾರ್ಪಾಲಿನ ಮೇಲೆ ಕಾಲು ಚಾಚಿ ಕೂತೋಳು ನಾನೂ ಹೌದು" ಅಂದಳು. ಯಾರಿಗೂ ತಲೆಬುಡ ತಿಳಿಯಲಿಲ್ಲ. ತಿಮ್ಮಪ್ಪ ಗೌಡರ ಮುಂದೆ ಹೋಗಿ, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಎಲ್ಲವನ್ನೂ ಹೇಳಿದ. ಬಿಕ್ಕದೆ, ಬಚ್ಚಿಡದೆ, ಒಂದೇ ಉಸಿರಿಗೆ. ನನ್ನ ಹೆಸರನ್ನು ಮಾತ್ರ ಎತ್ತಲಿಲ್ಲ, ಪುಣ್ಯಾತ್ಮ.

ಗೌಡರ ಮುಖ ಕೆಂಡವಾಯಿತು. "ಹನ್ನೊಂದು ವರ್ಷ!" ಅಂದರು. "ಹನ್ನೊಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ಯಲ್ಲೋ! ಆ ವರ್ಷ ಮೇಲಿನ ಬ್ಲಾಕು ಹಳದಿ ಬಿತ್ತು, ನಾನು ದೇವ್ರಿಗೆಲ್ಲಾ ಹರಕೆ ಹೊತ್ತೆ!"

"ತಪ್ಪಾಯ್ತು ಗೌಡ್ರೇ."

ಗೌಡರು ಬೆನ್ನು ತಿರುಗಿಸಿ ಹತ್ತು ಹೆಜ್ಜೆ ಹೋದರು. ನಿಂತರು. ತಿರುಗಿ ಬಂದರು.

"ಆಟ ಚೆನ್ನಾಗಿತ್ತೇನೋ?"

ತಿಮ್ಮಪ್ಪನಿಗೆ ಸುಳ್ಳು ಹೇಳುವ ಶಕ್ತಿ ಅವತ್ತಿಗೆ ಮುಗಿದಿತ್ತು. "ಭಾರೀ ಚೆನ್ನಾಗಿತ್ತು ಗೌಡ್ರೇ" ಅಂದ. "ಅಂಥಾ ಮಹಿಷಾಸುರ ಇನ್ನು ಕಾಣೋಕ್ಕಿಲ್ಲ."

ಮೊದಲು ನಕ್ಕದ್ದು ನಂಜಮ್ಮ. ಆಮೇಲೆ ಗೌಡರಿಗೆ ತಡೆಯಲಾಗಲಿಲ್ಲ, ಮರಕ್ಕೆ ಕೈಕೊಟ್ಟು ನಿಂತು ಹೊಟ್ಟೆ ಹಿಡಿದುಕೊಂಡರು. ಇಡೀ ಬ್ಲಾಕು ನಗುವಿನಿಂದ ಅಲ್ಲಾಡಿಹೋಯಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಯಾಕೆಂದರೆ ನನ್ನ ತಲೆ ಉಳಿದಿತ್ತು. "ವಾಚು ಕಟ್ಕೊಳೋ, ಕೈ ಬೋಳಾಗಿ ಕಾಣುತ್ತೆ" ಅಂದರು ಗೌಡರು.

ನಗದೆ ಉಳಿದವಳು ರೂಪಶ್ರೀ ಒಬ್ಬಳೇ. ಅವಳ ಕಣ್ಣಲ್ಲಿ ನೀರಿತ್ತು. ತಿಮ್ಮಪ್ಪ ತಾನೇ ಗುದ್ದಲಿ ಹಿಡಿದು ಹಲಸಿನ ಬುಡ ಅಗೆದ. ಸೊಂಟದ ಆಳದಲ್ಲಿ ಕೊಳೆಯದೆ ಉಳಿದ ಪ್ಲಾಸ್ಟಿಕ್ ಚೀಲ ಬಂತು, ಮೂಲೆಯಲ್ಲಿ ಕರಗದೆ ಉಳಿದ ಬಿಳಿ ಹೆಂಟೆ, ಚೀಲದ ಮೇಲೆ ಔಷಧಿಯ ಹೆಸರು. ಅವಳು ಅದನ್ನು ಕೈಯಲ್ಲಿ ಹಿಡಿದು ಹೆಸರು ಓದಿದಳು. ಆಮೇಲೆ ಅವಳಿಗೂ ನಗು ಉಕ್ಕಿತು. "ತಿಮ್ಮಪ್ಪನವ್ರೇ, ಇದ್ದ ಒಂದು ಬೋರನ್ನೂ ಇಲ್ಲೇ ಕೊರೆದುಬಿಡ್ತಿದ್ದೆನಲ್ರೀ" ಅಂದಳು. "ನಡೀರಿ, ನಿಮ್ಮ ತೂತಿನ ಕಲ್ಲು ತೋರಿಸಿ."

ಯಂತ್ರ ಹಳ್ಳದಾಚೆಯ ಏರಿಗೆ ಹೋಯಿತು. ಹನ್ನೆರಡು ದಿನ ಗರಗರ ಕೊರೆಯಿತು. ದಿನಾ ಕಲ್ಲಿನ ಕೋಲುಗಳು ಬರುತ್ತಿದ್ದವು, ಎಲ್ಲ ಬೂದು. ತಿಮ್ಮಪ್ಪ ಒಂದೊಂದನ್ನೂ ತೊಳೆದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದ. ಅವನ ಮುಖ ದಿನಕ್ಕೆ ಇಷ್ಟಿಷ್ಟು ಸಣ್ಣಗಾಗುತ್ತಿತ್ತು. ಹದಿಮೂರನೇ ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಒಂದು ಕೋಲು ಎತ್ತಿದವನೇ ಕೂಗಿದ. ನಾನು ಆಫೀಸಿನಿಂದ ಚಪ್ಪಲಿ ಬಿಟ್ಟು ಓಡಿದೆ.

ಬಿಳಿಯ ಕಲ್ಲಿನ ನಡುವೆ ಗೇಣುದ್ದ, ಕನ್ನಡಿಯ ಹಾಗೆ ಹೊಳೆಯುವ ಕಪ್ಪು! ಅದರ ಅಂಚಿಗೆ ಬೆಲ್ಲದ ಬಣ್ಣದ ಜಿಂಕಿನ ಅದಿರು. ಎಲ್ಲರೂ ಸರದಿಯಲ್ಲಿ ಮುಟ್ಟಿ ನೋಡಿದೆವು. ದೊರೆ ಜ್ವರದಲ್ಲಿ ಬಿಟ್ಟುಹೋದ ಎಳೆ, ಎಪ್ಪತ್ತನಾಲ್ಕರವರಿಗೆ ತಪ್ಪಿಸಿಕೊಂಡ ಎಳೆ, ಗುಡ್ಡದ ಹೊಟ್ಟೆಯಲ್ಲಿ ಬಾಗಿಕೊಂಡು ಹಳ್ಳ ದಾಟಿ ಬಂದು ಇಲ್ಲಿ ಕೂತಿತ್ತು. ರೂಪಶ್ರೀ ತಿಮ್ಮಪ್ಪನ ಎರಡೂ ಕೈ ಹಿಡಿದು ಕುಣಿದಳು. ಅವನು ಸಂಕೋಚದಿಂದ ಅರ್ಧ ಕುಣಿದ. ನಾನು ಆ ಕೋಲನ್ನು ಇನ್ನೊಂದು ಸಲ ಮುಟ್ಟಿ ನೋಡಿದೆ, ಯಾಕೆ ಅಂತ ಕೇಳಬೇಡಿ.

ಗೇಣು ದಪ್ಪದ ಎಳೆಗೆ ಗಣಿ ಮಾಡಲಾಗುವುದಿಲ್ಲ ಎಂದು ಅವಳು ಅವತ್ತೇ ಹೇಳಿದಳು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ನಾನು ಅಂದದ್ದಕ್ಕೆ, "ಆ ಇಲಿ ಇದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ ರೈಟ್ರೇ, ಈಗ ಗೊತ್ತಾಯ್ತು" ಅಂದಳು. ಗೌಡರಿಗೆ ಎಳೆಯೂ ಸಿಕ್ಕಿತು, ತೋಟವೂ ಉಳಿಯಿತು. ಮತ್ತೊಂದು ಹೋಳಿಗೆ ಊಟವಾಯಿತು. ಈ ಸಲ ತಿಮ್ಮಪ್ಪ ಒಂಬತ್ತು ಹೋಳಿಗೆ ಹೊಡೆದ, ನಾನೇ ಎಣಿಸಿದ್ದೇನೆ.

ಡೇರೆ ಕೀಳುವ ದಿನ ರೂಪಶ್ರೀ ನನ್ನ ಆಫೀಸಿಗೆ ಬಂದಳು. ತಿಮ್ಮಪ್ಪನೂ ಇದ್ದ.

"ವರದಿಯಲ್ಲಿ ಹಲಸಿನ ಮರದ ವಿಷಯ ಬರೀಲೇಬೇಕು ತಿಮ್ಮಪ್ಪನವ್ರೇ. ಬರೀದಿದ್ರೆ ಮುಂದೆ ಯಾರೋ ನನ್ನ ನಕ್ಷೆ ನೋಡಿ ಅಲ್ಲೇ ಬೋರು ಹಾಕ್ತಾರೆ. ನಿಮ್ಮ ಹೆಸರು ಹಾಕಲ್ಲ. ಎಸ್ಟೇಟಿನ ಒಬ್ಬ ಕೆಲಸಗಾರ ಅಂತ ಬರೀತೀನಿ."

ತಿಮ್ಮಪ್ಪ ನೀಲಿ ಉಗುರು ಕೆರೆಯುತ್ತ ಯೋಚಿಸಿದ. ಆಳುಗಳ ಮುಂದೆ ತಪ್ಪೊಪ್ಪಿಕೊಂಡದ್ದು ಒಂದು ನಗುವಿನಲ್ಲಿ ಕಳೆದುಹೋಗಿತ್ತು. ಸರ್ಕಾರದ ಕಾಗದದಲ್ಲಿ ಬಿದ್ದದ್ದು ಅವನು ಹೋದ ಮೇಲೂ ಇರುತ್ತದೆ. ಬೇಡ ಎನ್ನುತ್ತಾನೆ ಎಂದೇ ನಾನು ಎಣಿಸಿದ್ದೆ.

"ಎಸ್ಟೇಟಲ್ಲಿ ಇನ್ನೂರು ಜನ ಕೆಲಸಗಾರ್ರಿದಾರೆ ಮೇಡಂ" ಅಂದ. "ಪಾಪ, ಯಾರ್ಯಾರ ಮೇಲೋ ಗುಮಾನಿ ಬರುತ್ತೆ. ನನ್ನ ಹೆಸರೇ ಹಾಕಿ. ತಿಮ್ಮಪ್ಪ, ಸ್ಪ್ರೇ ಮೇಸ್ತ್ರಿ, ಕಲ್ಲುಗಂಡಿ. ಅಪ್ಪನ ಹೆಸರು ಬೇಡ, ಅವ್ರೇನೂ ಮಾಡ್ಲಿಲ್ಲ."

ಅವಳು ಹಾಗೆಯೇ ಬರೆದಳು. ಬರೆದ ಹಾಳೆಯನ್ನು ಅವನಿಗೆ ಓದಿ ಹೇಳಿದಳು.

ಹತ್ತು ವರ್ಷ ಕಳೆಯಿತು. ನಾನು ನಿವೃತ್ತನಾದೆ, ತಿಮ್ಮಪ್ಪನೂ ಪಂಪು ಕೆಳಗಿಟ್ಟ. ಕುದುರೆಮುಖದಲ್ಲಿ ಗಣಿ ನಿಂತು ಆ ಟೌನ್‌ಷಿಪ್ಪೇ ಬಿಕೋ ಅನ್ನುತ್ತಿತ್ತು. ಎರಡು ಸಾವಿರದ ಏಳರ ಜನವರಿ, ಎಸ್ಟೇಟ್ ಗೇಟಿನ ಟೀ ಅಂಗಡಿಯಲ್ಲಿ ನಾವು ಆರೇಳು ಮಂದಿ ಕೂತಿದ್ದೆವು. ಒಂದು ಜೀಪು ಬಂತು. ಯಾವುದೋ ಕಂಪನಿಯ ಭೂವಿಜ್ಞಾನಿ, ದರ್ಶನ್ ಎಂದು ಹೆಸರು ಹೇಳಿದ. ಕೈಯಲ್ಲಿ ರೂಪಶ್ರೀಯ ವರದಿಯ ಜೆರಾಕ್ಸು. ಕಪ್ಪೆಹಳ್ಳ ಎಲ್ಲಿ ಎಂದು ಕೇಳಿದ. ಆಮೇಲೆ ಪುಟ ತಿರುಗಿಸಿ, ಬೆರಳಿಟ್ಟು, "ಇಲ್ಲಿ ತಿಮ್ಮಪ್ಪ ಅಂತ ಒಬ್ರು ಸ್ಪ್ರೇ ಮೇಸ್ತ್ರಿ ಇದ್ರಂತೆ. ಇದಾರಾ, ಹೋಗ್ಬಿಟ್ರಾ?" ಅಂದ.

ಅಲ್ಲಿ ಹೊಸ ಆಳುಗಳೂ ಇದ್ದರು, ಅವರಿಗೆ ಹಳೆಯ ಕತೆ ಗೊತ್ತಿರಲಿಲ್ಲ. ಈ ಪುಣ್ಯಾತ್ಮ ಎಲ್ಲರ ಎದುರು ವರದಿ ಓದಿಬಿಟ್ಟರೆ ಎಂದು ನನ್ನ ಜೀವ ಹಾರಿತು. "ಟೀ ಕುಡೀರಿ ಸಾರ್, ಆಮೇಲೆ ಮಾತಾಡೋಣ" ಎಂದು ಎದ್ದೆ.

ನನಗಿಂತ ಮೊದಲು ತಿಮ್ಮಪ್ಪ ಎದ್ದಿದ್ದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ಟವೆಲ್ ಸರಿಮಾಡಿ ಹೆಗಲ ಮೇಲೆ ಹಾಕಿಕೊಂಡ.

"ನಾನೇ ಸಾರ್ ತಿಮ್ಮಪ್ಪ" ಅಂದ. "ಬನ್ನಿ, ಎಲ್ಲಿ ಅಗೀಬಾರ್ದು ಅಂತ ಮೊದ್ಲು ತೋರಿಸ್ತೀನಿ."